ಬಿಡಬೇಕೆಂದವರು ಸೇರುವ ಜಾಗ

ಪಾನನಿಷೇಧ ಎಂಬುದು ಬಳ್ಳಾರಿ ಸೀಮೆಗೆ ಬರೀ ಕೇಳಿ ತಿಳಿದ ಮಾತಲ್ಲ, ಕಂಡುಂಡ ಸಂಗತಿ. ಜಿಲ್ಲೆ ಮದ್ರಾಸ್ ಪ್ರಾಂತದಲ್ಲಿದ್ದ ಕಾಲದಲ್ಲಿ, 1948ರ ಹೊತ್ತಿಗೆ ಆ ಪ್ರಾಂತವೆಲ್ಲ ನಿಷೇಧದ ಕಾನೂನಿಗೆ ಒಳಪಟ್ಟಿತ್ತು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು. ಮುಂದೆ ನಿಷೇಧ ಹೋಯಿತು. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದು ಸಂಪೂರ್ಣ ನಿಷೇಧ ಕೇಳಿದರು. ಅಂಗಡಿ ಮುಚ್ಚುವ, ತೆರೆಯುವ ಚರ್ಚೆ ಹೀಗೆ ನಡೆದೇ ಇದೆ. ಬೆಳಗ್ಗೆ ಎದ್ದಾಗ ಕೈ ನಡುಗುವವನ ಪ್ರಶ್ನೆ ಮಾತ್ರ ಬೇರೆ: ಇವತ್ತೊಂದು ದಿನ ಕುಡಿಯದೆ ಇರುವುದು ಹೇಗೆ?

ಈ ಪ್ರಶ್ನೆಗೆ ಒಂದು ಉತ್ತರ ಹೊಳೆದದ್ದು ಇಬ್ಬರು ಕುಡುಕರ ಮಾತುಕತೆಯಲ್ಲಿ. ಅಮೆರಿಕದ ಷೇರುಪೇಟೆಯ ಬಿಲ್ ವಿಲ್ಸನ್ ಕುಡಿತ ಬಿಟ್ಟು ಐದು ತಿಂಗಳಾಗಿತ್ತು. 1935ರ ಮೇ ತಿಂಗಳಲ್ಲಿ ಆಕ್ರನ್ ಎಂಬ ಪರ ಊರಿನಲ್ಲಿ ವ್ಯವಹಾರ ಮುರಿದುಬಿದ್ದು, ಹೋಟೆಲಿನ ಬಾರು ಸೆಳೆಯತೊಡಗಿದಾಗ, ತನ್ನಂಥ ಇನ್ನೊಬ್ಬ ಕುಡುಕನನ್ನು ಹುಡುಕಿಕೊಡಿ ಎಂದು ಆತ ಚರ್ಚಿನವರಿಗೆ ಫೋನು ಮಾಡಿದ. ಸಿಕ್ಕವರು ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಬಿಲ್ ಅವರಿಗೆ ಬುದ್ಧಿ ಹೇಳಲಿಲ್ಲ, ತನ್ನ ಕಥೆ ಹೇಳಿದ. ಸ್ಮಿತ್ ಕಡೆಯ ಸಲ ಕುಡಿದದ್ದು ಜೂನ್ 10ರಂದು ಎನ್ನುತ್ತಾರೆ. ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಬಳಗ, ಅದನ್ನೇ ತನ್ನ ಹುಟ್ಟಿದ ದಿನವೆಂದು ಎಣಿಸುತ್ತದೆ. 1957ರಲ್ಲಿ ಈ ಬಳಗ ಭಾರತದಲ್ಲಿ ನೆಲೆಯೂರಿತು.

ಸಭೆಯೆಂದರೆ ಭಾಷಣವಲ್ಲ, ಭಜನೆಯೂ ಅಲ್ಲ. ಒಂದು ಕೋಣೆ, ಕೆಲವು ಕುರ್ಚಿ, ಸಾಮಾನ್ಯವಾಗಿ ಚಹಾ. ಒಬ್ಬೊಬ್ಬರಾಗಿ ತಮ್ಮ ಕುಡಿತದ ಕಥೆ ಹೇಳುತ್ತಾರೆ. ಉಳಿದವರು ನಡುವೆ ಬಾಯಿ ಹಾಕದೆ ಕೇಳುತ್ತಾರೆ. ಪೂರ್ತಿ ಹೆಸರು ಹೇಳಬೇಕಿಲ್ಲ. ಶುಲ್ಕವಿಲ್ಲ; ಇಷ್ಟವಿದ್ದವರು ನಾಲ್ಕು ಕಾಸು ಹಾಕಿದರೆ ಬಾಡಿಗೆ, ಚಹಾದ ಖರ್ಚು ಸರಿಹೋಗುತ್ತದೆ. ಸೇರಲು ಬೇಕಾದ ಅರ್ಹತೆ ಒಂದೇ, ಕುಡಿತ ಬಿಡಬೇಕೆಂಬ ಆಸೆ. ಮೊದಲ ದಿನ ಸುಮ್ಮನೆ ಕೂತು ಬಂದರೂ ನಡೆಯುತ್ತದೆ. ಕುಡುಕರ ಮನೆಯವರಿಗೆಂದೇ 1951ರಿಂದ ಅಲ್-ಅನಾನ್ ಎಂಬ ಬೇರೆ ಬಳಗವಿದೆ. ಗಂಡನನ್ನು ತಿದ್ದುವ ಭಾರ ಹೊತ್ತು ಸೋತ ಹೆಂಡತಿಗೂ ಮಾತಾಡಲು ಒಂದು ಜಾಗ ಬೇಕಲ್ಲವೇ?

ಮಾತಾಡಿದ ಮಾತ್ರಕ್ಕೆ ಚಟ ಹೋಗುವುದುಂಟೆ ಎಂದು ನಗುವವರಿದ್ದಾರೆ. 2020ರಲ್ಲಿ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, 10,565 ಜನರ ವಿವರಗಳನ್ನು ಒಟ್ಟಿಗೆ ಪರಿಶೀಲಿಸಿತು. ಕುಡಿತದಿಂದ ಪೂರ್ತಿ ದೂರವಿರುವ ವಿಷಯದಲ್ಲಿ, ಜನರನ್ನು ಎ.ಎ. ಸಭೆಗಳತ್ತ ಕ್ರಮಬದ್ಧವಾಗಿ ಒಯ್ಯುವ ಚಿಕಿತ್ಸೆ ಇತರ ಮನೋಚಿಕಿತ್ಸೆಗಳಿಗಿಂತ ಮೇಲೆಂದು ಕಂಡುಬಂತು.

ಆದರೆ ಸಭೆಗೆ ಮೊದಲು ವೈದ್ಯರು. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಒಂದೆರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನದಲ್ಲಿ ಇಲ್ಲದ್ದು ಕಾಣುವ, ದಿಕ್ಕು ತಪ್ಪುವ ಸನ್ನಿ ಹಿಡಿಯಬಹುದು. ಅದು ಪ್ರಾಣಕ್ಕೂ ಎರವಾಗುತ್ತದೆ. ದೇವರ ಮುಂದೆ ಆಣೆ ಮಾಡಿಸಿ ಮನೆಯಲ್ಲಿ ಕೂಡಿಹಾಕುವುದು ಇದಕ್ಕಾಗಿಯೇ ಅಪಾಯ. ಈ ವಿಷಯದಲ್ಲಿ ಬಳ್ಳಾರಿಗೆ ಒಂದು ಹಿರಿಮೆಯೂ ಇದೆ. 1985ರಲ್ಲಿ ನಿಮ್ಹಾನ್ಸ್ ಇದೇ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು, ಮನೋರೋಗದ ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯುವ ಪ್ರಯೋಗ ಮಾಡಿತು. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ 'ಬಳ್ಳಾರಿ ಮಾದರಿ'ಯೇ ಬುನಾದಿ. ಮುಂದೆ 'ಮನೋಚೈತನ್ಯ' ಕಾರ್ಯಕ್ರಮದಡಿ ಮಂಗಳವಾರದಂದು ಮನೋವೈದ್ಯರು ತಾಲೂಕು ಆಸ್ಪತ್ರೆಗಳಿಗೆ ಹೋಗುವ ಏರ್ಪಾಡು ಬಂತು. ನಗರದಲ್ಲಿ, ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ.

ಕನ್ನಡ ನಾಡು ಕಂಡ ಇನ್ನೊಂದು ದಾರಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ. ಎಂಟು ದಿನ ಊರಿನಲ್ಲೇ ಶಿಬಿರ, ಮನೆಯವರೂ ಬಂದು ಪಾಲ್ಗೊಳ್ಳುತ್ತಾರೆ. ಆಮೇಲೆ ಬಿಟ್ಟವರದೇ ನವಜೀವನ ಸಮಿತಿ ಮತ್ತೆ ಮತ್ತೆ ಸೇರುತ್ತದೆ. ಎ.ಎ. ಹೆಸರು ಮುಚ್ಚಿಡುತ್ತದೆ, ಶಿಬಿರ ಊರನ್ನೇ ಸಾಕ್ಷಿಗೆ ಕರೆಯುತ್ತದೆ. ಯಾವುದು ಮೇಲು ಎಂಬ ವಾದ ವ್ಯರ್ಥ. ಊರ ಮುಂದೆ ಕೊಟ್ಟ ಮಾತು ಕೆಲವರನ್ನು ಕಾಯುತ್ತದೆ, ಕೆಲವರನ್ನು ಕುಗ್ಗಿಸುತ್ತದೆ. ಎರಡರಲ್ಲೂ ಬಿಟ್ಟವನ ಮುಂದೆ ಬಿಡುವವನು ಕೂರುತ್ತಾನೆ, ಮುಖ್ಯವಾದದ್ದು ಇದು.

ಕುರುಗೋಡಿನಂಥ ಊರಲ್ಲಿ ತೊಡಕು ಇಲ್ಲೇ. ದೊಡ್ಡಬಸವೇಶ್ವರನ ತೇರಿಗೆ ಒಟ್ಟಾಗಿ ಕೈಹಾಕುವ ಜನ ಒಬ್ಬರನ್ನೊಬ್ಬರು ಬಲ್ಲರು. ಬಾರಿಗೆ ಹೋದದ್ದು ಸುದ್ದಿಯಾಗದಿದ್ದರೂ ಸಭೆಗೆ ಹೋದದ್ದು ಸುದ್ದಿಯಾಗುತ್ತದೆ! ಭತ್ತದ ಸೀಮೆಯಾದ ಸಿರುಗುಪ್ಪದಲ್ಲೂ ಅಷ್ಟೇ. ಅಂಥವರಿಗೆ ಬಳ್ಳಾರಿ ನಗರದ ಜನಜಂಗುಳಿಯೇ ಮರೆ. ಆದರೆ ಹೋಗಿಬರಲು ಅರ್ಧ ದಿನದ ಕೂಲಿ, ಬಸ್ಸಿನ ಹಣ ಬೇಕು. 2020ರ ಕೋವಿಡ್ ಕಾಲದಲ್ಲಿ ಹಬ್ಬಿದ ಮೊಬೈಲ್ ಸಭೆಗಳು ಈ ದೂರವನ್ನು ಕೊಂಚ ತಗ್ಗಿಸಿವೆ.

ಸಭೆಯ ದಿನ, ಜಾಗ ಬದಲಾಗುವುದುಂಟು. ಫಲಕ ಇರುವುದೂ ಅಪರೂಪ. ಆದ್ದರಿಂದ ಹೊರಡುವ ಮೊದಲು ವಿಚಾರಿಸಬೇಕು. ಎ.ಎ. ಸಹಾಯವಾಣಿಗೆ ಕರೆ ಮಾಡಿದರೆ ಆ ಕಡೆ ಫೋನೆತ್ತುವವರು ಸಾಮಾನ್ಯವಾಗಿ ಕುಡಿತ ಬಿಟ್ಟವರೇ. ಶಿಬಿರದ ವಿವರ ಗ್ರಾಮಾಭಿವೃದ್ಧಿ ಯೋಜನೆಯ ತಾಲೂಕು ಕಚೇರಿಯಲ್ಲಿ ಸಿಗುತ್ತದೆ. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಉಚಿತ ಸಂಖ್ಯೆ 14446. ಹಗಲು ರಾತ್ರಿಯೆನ್ನದೆ ಕನ್ನಡದಲ್ಲಿ ಮಾತಾಡುವ ಟೆಲಿ ಮನಸ್‌ನ ಸಂಖ್ಯೆ 14416. ಹೆಸರು ಹೇಳದೆಯೂ ಕೇಳಬಹುದು. ಕರೆ ಮಾಡುವವರು ಕುಡಿಯುವವರೇ ಆಗಬೇಕೆಂದಿಲ್ಲ, ಮನೆಯವರೂ ಮಾಡಬಹುದು.