ಒಂದು ಮೀಟರು, ಹಲವು ಕಟ್ಟಡ: ಮಲೆನಾಡಿನ ಮನೆಯ ವಿದ್ಯುತ್ ಹಂಚಿಕೆ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಅಡಿಕೆ ಬೆಳೆಗಾರರ ಮನೆಯೆಂದರೆ ಸಾಮಾನ್ಯವಾಗಿ ವಾಸದ ಕಟ್ಟಡ ಮಾತ್ರವಲ್ಲ. ಅದರಿಂದ ತುಸು ದೂರದಲ್ಲಿ ನಿಂತ ಕೊಟ್ಟಿಗೆ, ಅಡಿಕೆ ಸುಲಿದು ಬೇಯಿಸುವ ಜಾಗ, ಕುಡಿಯುವ ನೀರಿನ ಬಾವಿ ಎಲ್ಲವೂ ಅದರಲ್ಲಿ ಸೇರುತ್ತವೆ. ತೋಟದ ನೀರಾವರಿ ಪಂಪ್‌ಸೆಟ್ಟಿಗೆ ಮೆಸ್ಕಾಂ ಬೇರೆಯೇ ಸಂಪರ್ಕ ಕೊಡುತ್ತದೆಯಾದರೂ ಉಳಿದವು ಬಹುಮಟ್ಟಿಗೆ ಮನೆಯ ಒಂದೇ ಮೀಟರನ್ನು ಆಶ್ರಯಿಸಿರುತ್ತವೆ, ಮತ್ತು ಮೀಟರಿನಿಂದಾಚೆಗಿನ ವೈರಿಂಗಿನ ಹೊಣೆ ಮನೆಯವರದೇ ಆಗಿರುತ್ತದೆ.

ಹತ್ತಿರದ ಪ್ಲಗ್ಗಿನಿಂದ ಕೊಟ್ಟಿಗೆಗೆ, ಅಲ್ಲಿಂದ ಬಾವಿಗೆ ವೈರು ಎಳೆಯುವ ರೂಢಿ ಸರಿಯಲ್ಲ. ಮೀಟರಿನ ಪಕ್ಕದ ಮುಖ್ಯ ಬೋರ್ಡಿನಿಂದ ಪ್ರತಿ ಕಟ್ಟಡಕ್ಕೂ ಪ್ರತ್ಯೇಕ ಕೇಬಲ್ ಹೊರಟು, ಅಲ್ಲಿನ ಚಿಕ್ಕ ಬೋರ್ಡನ್ನು, ಅಂದರೆ ಸಬ್ ಡಿಬಿಯನ್ನು, ಸೇರಬೇಕು. ಹೊರಡುವ ಜಾಗದಲ್ಲಿ ಪ್ರತಿ ಕೇಬಲ್ಲಿಗೂ ಒಂದು ಎಂಸಿಬಿ, ಅಂದರೆ ಮಿತಿಮೀರಿ ಕರೆಂಟು ಹರಿದಾಗ ತಾನಾಗಿ ಬೀಳುವ ಸ್ವಿಚ್ಚು, ಇರಬೇಕು. ಆ ಕೇಬಲ್ ತಾಳುವ ಪ್ರಮಾಣಕ್ಕಿಂತ ಅದರ ಮಿತಿ ಹೆಚ್ಚಿರಬಾರದು. ದೂರವೂ ಗಣನೆಗೆ ಬರುತ್ತದೆ: 10 ಆಂಪಿಯರ್ ಎಳೆಯುವ ಮೋಟರು 60 ಮೀಟರ್ ಆಚೆ ಇದ್ದರೆ, 2.5 ಚದರ ಮಿಲಿಮೀಟರ್ ದಪ್ಪದ ತಾಮ್ರದ ಕೇಬಲ್ಲಿನಲ್ಲಿ ಸುಮಾರು 9 ವೋಲ್ಟ್ ಸೋರಿಹೋದರೆ, 6 ಚದರ ಮಿಲಿಮೀಟರಿನದರಲ್ಲಿ 4 ವೋಲ್ಟಿಗಿಂತ ಕಡಿಮೆ. ಮೋಟರು ಚಾಲೂ ಆಗುವ ಕ್ಷಣದಲ್ಲಿ ಈ ನಷ್ಟ ಹಲವು ಪಟ್ಟಾಗುತ್ತದೆ.

ಇವೆಲ್ಲಕ್ಕಿಂತ ಗಂಭೀರವಾದದ್ದು ಅರ್ಥಿಂಗ್, ಅಂದರೆ ಉಪಕರಣಗಳ ಲೋಹದ ಮೈಯನ್ನು ನೆಲಕ್ಕೆ ಜೋಡಿಸುವ ಕ್ರಮ. ಬೇಸಿಗೆಯಲ್ಲಿ ಒಣಗಿದ ಜಂಬಿಟ್ಟಿಗೆ ನೆಲ ಕರೆಂಟನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅರ್ಥಿಂಗ್ ಗುಂಡಿಯ ರೋಧ 20 ಓಮ್ ಇದ್ದರೆ, 230 ವೋಲ್ಟಿನ ಫೇಸು ಮೋಟರಿನ ಮೈಗೆ ತಗುಲಿದರೂ ನೆಲಕ್ಕೆ ಹರಿಯುವುದು 11.5 ಆಂಪಿಯರಿಗಿಂತ ಹೆಚ್ಚಲ್ಲ. 20 ಆಂಪಿಯರಿನ ಎಂಸಿಬಿ ಅದಕ್ಕೆ ಬೀಳುವುದೇ ಇಲ್ಲ, ಮೋಟರಿನ ಮೈಯಲ್ಲಿ ಮಾರಕ ವೋಲ್ಟೇಜ್ ಉಳಿದೇ ಇರುತ್ತದೆ. ಗಂಜಲದಿಂದ ಸದಾ ಒದ್ದೆಯಾದ ಕೊಟ್ಟಿಗೆಯಲ್ಲಿ ಇದರ ಮೊದಲ ಬಲಿ ದನಕರುಗಳು, ಏಕೆಂದರೆ ಅವುಗಳ ಮುಂಗಾಲು ಹಿಂಗಾಲುಗಳ ನಡುವೆ ಅಂತರ ಹೆಚ್ಚು, ಕರೆಂಟು ಹರಿಯುವ ದಾರಿಯಲ್ಲೇ ಹೃದಯವಿರುತ್ತದೆ. ಆದ್ದರಿಂದ ಪ್ರತಿ ಸಬ್ ಡಿಬಿಯಲ್ಲೂ 30 ಮಿಲಿಆಂಪಿಯರ್ ಸೋರಿಕೆಗೇ ಬೀಳುವ ಆರ್‌ಸಿಸಿಬಿ ಇರಲೇಬೇಕು. ಇದನ್ನು ಬಿಟ್ಟು ಮಾಡುವ ಉಳಿತಾಯ ಉಳಿತಾಯವೇ ಅಲ್ಲ. ಮುಖ್ಯ ಬೋರ್ಡಿನಲ್ಲಿ ತುಸು ತಡವಾಗಿ ಬೀಳುವ, 100 ಅಥವಾ 300 ಮಿಲಿಆಂಪಿಯರಿನ ಇನ್ನೊಂದನ್ನು ಇಟ್ಟರೆ, ಕೊಟ್ಟಿಗೆಯ ದೋಷಕ್ಕೆ ಇಡೀ ಮನೆ ಕತ್ತಲಾಗುವುದಿಲ್ಲ.

ಒಂದು ಬೋರ್ಡಿನ ನ್ಯೂಟ್ರಲ್ ಇನ್ನೊಂದರದಕ್ಕಾಗಲಿ, ಸಬ್ ಡಿಬಿಯಲ್ಲಿ ಅರ್ಥಿಂಗ್ ತಂತಿಗಾಗಲಿ ಸೇರಬಾರದು. ಸೇರಿದರೆ ಆರ್‌ಸಿಸಿಬಿ ಕಾರಣವಿಲ್ಲದೆ ಬೀಳುತ್ತದೆ, ಬೇಸತ್ತ ಮನೆಯವರು ಅದನ್ನೇ ಕಿತ್ತು ನೇರ ಜೋಡಿಸುತ್ತಾರೆ. ಇನ್ವರ್ಟರ್ ಅಳವಡಿಸುವಾಗ ಈ ತಪ್ಪು ನುಸುಳುವುದೇ ಹೆಚ್ಚು.

ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಆಗುಂಬೆ, ಹುಲಿಕಲ್ ಸುತ್ತಿನ ಮಳೆಗಾಲದಲ್ಲಿ ಜನರೇಟರ್ ಬಳಸುವವರು, ಒಂದು ಸಮಯಕ್ಕೆ ಒಂದೇ ಮೂಲವನ್ನು ಒಳಬಿಡುವ ಚೇಂಜ್‌ಓವರ್ ಸ್ವಿಚ್ಚನ್ನು ಮುಖ್ಯ ಬೋರ್ಡಿನಲ್ಲೇ ಹಾಕಿಸಬೇಕು. ಇಲ್ಲವಾದರೆ ಮನೆಯ ಕರೆಂಟು ಟ್ರಾನ್ಸ್‌ಫಾರ್ಮರಿನ ಮೂಲಕ ಹಿಮ್ಮುಖವಾಗಿ 11,000 ವೋಲ್ಟಿನ ಮಾರ್ಗಕ್ಕೇರಿ, ಕಂಬದ ಮೇಲಿರುವ ಲೈನ್‌ಮನ್‌ನ ಜೀವ ತೆಗೆಯಬಲ್ಲದು.

ಮುಂಗಾರು ಹಿಡಿಯುವ ಮುನ್ನ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಪ್ರತಿ ಕಟ್ಟಡದ ಅರ್ಥಿಂಗ್ ರೋಧವನ್ನು ಅಳೆಸಿ, ಪ್ರತಿ ಆರ್‌ಸಿಸಿಬಿಯ ಪರೀಕ್ಷಾ ಗುಂಡಿಯನ್ನು ಒತ್ತಿ ನೋಡಬೇಕು. ಒತ್ತಿದರೂ ಬೀಳದ್ದನ್ನು ಅಂದೇ ಬದಲಿಸಬೇಕು.