ಗುಜರಿಗೆ ಹೋಗಬೇಕಿದ್ದ ಕಂಪ್ಯೂಟರೂ ನನ್ನ ಪದ್ಯಗಳೂ

ನಮ್ಮದು ಮಡಕಶಿರಾ ಸೀಮೆ, ಅಮರಾಪುರಂ ಕಡೆ. ಮನೆಯಲ್ಲಿ ಕನ್ನಡ, ಮಂಡಲ ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ. ನನ್ನ ಪದ್ಯಗಳೂ ಹಾಗೆಯೇ, ಯಾವ ಭಾಷೆಯಲ್ಲಿ ಹುಟ್ಟಿದರೆ ಆ ಭಾಷೆ. ಹಗಲು ಕಡಲೆಕಾಯಿ ಹೊಲ, ಹಿಪ್ಪುನೇರಳೆ ತೋಟ. ರಾತ್ರಿ ಉಂಡ ಮೇಲೆ 2014ರಲ್ಲಿ ಕೊಂಡ ಕಂಪ್ಯೂಟರಿನ ಮುಂದೆ ಕೂರುವುದು ನನ್ನ ಚಾಳಿ. ರೇಷ್ಮೆಗೂಡಿನ ಲೆಕ್ಕವೂ ಅದರಲ್ಲೇ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬರುತ್ತಿದ್ದ ಮಾಮೂಲಿ ರಕ್ಷಣಾ ಅಪ್‌ಡೇಟ್ ನಿಂತವು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡೂ ಹೊಸ ತಲೆಮಾರಿನ ಪ್ರೊಸೆಸರೂ ಬೇಕು. ರಿಪೇರಿ ಅಂಗಡಿಯವನು ನೋಡಿದವನೇ, "ಅನ್ನಾ, ಇದಿ ಇಂಕ ಪನಿಕಿ ರಾದು, ಕೊತ್ತದಿ ತೀಸ್ಕೋ" ಅಂದುಬಿಟ್ಟ. ಉಳುವ ಎತ್ತಿಗೆ ಕಾಲು ಕುಂಟಿಲ್ಲ, ಮೇವು ಬಿಟ್ಟಿಲ್ಲ, ಕಟುಕನಿಗೆ ಮಾರು ಅಂದಂಗಾಯ್ತು.

ತಮ್ಮನ ಮಗ ಹಿಂದೂಪುರದಲ್ಲಿ ಡಿಪ್ಲೊಮಾ ಓದುತ್ತಾನೆ. "ದೊಡ್ಡಪ್ಪಾ, ಯಂತ್ರ ಗಟ್ಟಿಯಾಗೈತೆ, ಲಿನಕ್ಸ್ ಹಾಕೋಣ" ಅಂದ.

"ಅದು ಯಾರ್ದಪ್ಪಾ?"

"ಎಲ್ಲಾರ್ದು."

ಈ ಮಾತು ನನಗೆ ಹಿಡಿಸಲಿಲ್ಲ. ಎಲ್ಲರ ಕೆರೆಯ ಹೂಳನ್ನು ಯಾರೂ ಎತ್ತುವುದಿಲ್ಲ ಎಂಬುದನ್ನು ಕಂಡವನು ನಾನು. ಆದರೆ ಇಲ್ಲಿ ಹೂಳು ಎತ್ತುವವರಿದ್ದಾರೆ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ, ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶದ ಕೆಲಸವನ್ನು ಸಾರಿದರು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅದಕ್ಕೆ ಬೇಕಿದ್ದ ತಿರುಳು ಬರೆದರು. ಈಗ ದೊಡ್ಡ ದೊಡ್ಡ ಕಂಪನಿಗಳೇ ಸಂಬಳ ಕೊಟ್ಟು ಅದನ್ನು ತಿದ್ದಿಸುತ್ತವೆ, ಯಾಕೆಂದರೆ ಅವರ ಯಂತ್ರಗಳೂ ಅದರ ಮೇಲೆ ಓಡುತ್ತವೆ. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಅದೇ ತಿರುಳು. ಕಾಸರಗೋಡಿನ ಓದುಗರಿಗಂತೂ ನಾನು ಹೇಳಬೇಕಾಗಿಲ್ಲ, ಕೇರಳದ ಸರ್ಕಾರಿ ಶಾಲೆಯ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಲಿನಕ್ಸಿನಲ್ಲಿ.

ಹುಡುಗ ಲಿನಕ್ಸ್ ಮಿಂಟ್ ಎಂಬುದನ್ನು, ಅದರಲ್ಲೂ ಎಕ್ಸ್‌ಎಫ್‌ಸಿಇ ಎಂಬ ಹಗುರ ಬಗೆಯನ್ನು ಪೆನ್‌ಡ್ರೈವ್‌ಗೆ ಇಳಿಸಿ ತಂದ. ಅದಕ್ಕೆ 2 ಜಿಬಿ ರ‍್ಯಾಮ್, 20 ಜಿಬಿ ಜಾಗ ಇದ್ದರೆ ನಡೆಯುತ್ತದೆ. ನನ್ನದರಲ್ಲಿ 4 ಜಿಬಿ ರ‍್ಯಾಮ್ ಇತ್ತು. ಹಳೆಯದನ್ನು ಅಳಿಸದೆ ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು. ಹೆಣ್ಣು ನೋಡಿ ಬಂದ ಹಾಗೆ, ಒಪ್ಪದಿದ್ದರೆ ಬಿಡಬಹುದು.

ಹಾಗೆ ನೋಡುವಾಗ ನನ್ನ ಪದ್ಯದ ಫೈಲು ತೆರೆದೆ. ಎದೆ ಧಸಕ್ಕೆಂದಿತು. ಕನ್ನಡದ ಒಂದಕ್ಷರವಿಲ್ಲ! ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಚುಕ್ಕೆ ಬಂದಂತೆ ಏನೇನೋ ಗೀಚು. ಇಪ್ಪತ್ತು ವರ್ಷದ ನಾನೂರು ಚಿಲ್ಲರೆ ಪದ್ಯ, ಮೊದಲು ಡಿಟಿಪಿ ಅಂಗಡಿಯಲ್ಲಿ, ಆಮೇಲೆ ಮನೆಯಲ್ಲಿ, ಹಳೆಯ ನುಡಿ ಫಾಂಟಿನಲ್ಲಿ ಕೂಡಿಸಿದ್ದು. ನಮ್ಮ ಹೇಮಾವತಿಯಲ್ಲಿ ನೊಳಂಬರ ಕಾಲದ ಕಲ್ಲಿನ ಬರಹವನ್ನು ಸಾವಿರ ವರ್ಷವಾದರೂ ಬಲ್ಲವರು ಓದುತ್ತಾರೆ, ನಾನು 2006ರಲ್ಲಿ ಬರೆದದ್ದನ್ನು ಓದೋಕ್ಕಾಗ್ತಿಲ್ಲವಲ್ಲ ಅನ್ನಿಸಿತು.

ತಪ್ಪು ಲಿನಕ್ಸಿನದಲ್ಲ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚಿತ್ರ ಕೂರಿಸಿದ್ದವು. ಫಾಂಟು ತೆಗೆದರೆ ಮನೆಯ ಯಜಮಾನ ಹೊರಬರುತ್ತಾನೆ. ಹುಡುಗ ಆ ಫಾಂಟನ್ನೇ ತಂದು ಹಾಕಿದ, ಕನ್ನಡ ಕಾಣಿಸಿತು. ಆದರೆ ಒಂದು ಪದ ಹುಡುಕಿದರೆ ಸಿಗದು, ಫೋನಿಗೆ ಕಳಿಸಿದರೆ ಮತ್ತೆ ಗೀಚು. ಯುನಿಕೋಡ್‌ನಲ್ಲಾದರೆ ಪ್ರತಿ ಅಕ್ಷರಕ್ಕೂ ಸ್ವಂತ ನಂಬರಿದೆ. ಅಲ್ಲಿ ತೆಲುಗಿಗೆ 128 ಜಾಗ, ಅದಕ್ಕೆ ಅಂಟಿಕೊಂಡೇ ಕನ್ನಡಕ್ಕೆ 128. ತೆಲುಗಿನ 'ಕ'ದಿಂದ ಕನ್ನಡದ 'ಕ'ಕ್ಕೆ ಸರಿಯಾಗಿ 128 ಹೆಜ್ಜೆ. ಕಲ್ಲಿನ ಮೇಲೆ ಒಂದೇ ಲಿಪಿಯಾಗಿದ್ದವರು ಇಲ್ಲಿ ಪಕ್ಕದ ಬೀದಿಯಲ್ಲಿದ್ದಾರೆ!

ವಿಂಡೋಸ್ ಅಳಿಸುವ ಮುಂಚೆ ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿ, ಪರಿವರ್ತಕದಲ್ಲಿ ಹಾಯಿಸಿದೆವು. ಅರ್ಕಾವತ್ತು ಕೆಲವು ಕಡೆ ಪಕ್ಕದ ಅಕ್ಷರಕ್ಕೆ ಹಾರಿತ್ತು. ಹದಿನೈದು ರಾತ್ರಿ ಕೂತು ತಿದ್ದಿದೆ. ತೆಲುಗು ಪದ್ಯಗಳದು ಇನ್ನೂ ಕಷ್ಟ, ಅವು ಬೇರೊಂದು ಫಾಂಟಿನವು, ಪರಿವರ್ತನೆ ಆಗಲೇ ಇಲ್ಲ. ಅಚ್ಚಾದ ಹಾಳೆ ನೋಡಿಕೊಂಡು ಮತ್ತೆ ಟೈಪು ಮಾಡುತ್ತಿದ್ದೇನೆ. ಹನ್ನೊಂದನ್ನು ಬೇಕೆಂದೇ ಬಿಟ್ಟೆ, ಹೋದದ್ದೇ ಒಳ್ಳೆಯದು.

ಬೆರಳಿಗೆ ಹೊಸ ಪಾಠ ಬೇಕಾಗಲಿಲ್ಲ. ನುಡಿಯಲ್ಲಿದ್ದ ಕೆ.ಪಿ. ರಾವ್ ಕೀಲಿಮಣೆಯೇ ಲಿನಕ್ಸಿನಲ್ಲಿ ಕೆಜಿಪಿ ಎಂಬ ಹೆಸರಲ್ಲಿದೆ. ಹೊಸದಾಗಿ ಕಲಿಯುವವರು ಇನ್‌ಸ್ಕ್ರಿಪ್ಟ್ ಹಿಡಿಯಿರಿ, ಅದರಲ್ಲಿ ಎರಡೂ ಭಾಷೆಯ 'ಕ' ಒಂದೇ ಕೀಲಿ. ಅಕ್ಷರಗಳೂ ಬಿಟ್ಟಿ: ಕನ್ನಡಕ್ಕೆ ಗುಬ್ಬಿ, ನವಿಲು, ತೆಲುಗಿಗೆ ಪೋತನ, ವೇಮನ.

ವ್ಯಾಪಾರಿ ಮಿತ್ರರಿಗೆ ಒಂದು ಮಾತು. ಲೆಕ್ಕಕ್ಕೆ ಟ್ಯಾಲಿ ನಡೆಸುವವರು ಆತುರ ಪಡಬೇಡಿ, ಅದು ವಿಂಡೋಸಿನದು. ವರ್ಡ್, ಎಕ್ಸೆಲ್ ಫೈಲುಗಳನ್ನಾದರೆ ಲಿಬ್ರೆಆಫೀಸ್ ತೆರೆಯುತ್ತದೆ, ಗೂಡಿನ ಲೆಕ್ಕ ನನಗೆ ಒಂದು ಪೈಸೆ ತಪ್ಪಲಿಲ್ಲ. ಪ್ರಿಂಟರನ್ನೂ ಮೊದಲು ಪೆನ್‌ಡ್ರೈವಿನಲ್ಲೇ ಪರೀಕ್ಷಿಸಿ. ನನ್ನ ಹಳೇ ಪ್ರಿಂಟರು ಎರಡು ದಿನ ಸತಾಯಿಸಿ ಅಚ್ಚು ಹಾಕಿತು, ಸ್ಕ್ಯಾನು ಇವತ್ತಿಗೂ ಮಾಡುತ್ತಿಲ್ಲ.

ತೆಲುಗು ಪದ್ಯಗಳಲ್ಲಿ ಇನ್ನು ಒಂಬತ್ತು ಬಾಕಿ. ಕಡಲೆಕಾಯಿ ಬಿತ್ತನೆ ಮುಗಿಯಲಿ, ಕೂರುತ್ತೇನೆ.