ಶಾಲೆಯ ಸುದ್ದಿ ಯಾರ ಮನೆಗೆ ಮುಟ್ಟುತ್ತದೆ?

ಜನಸಂಖ್ಯೆಯ ಲೆಕ್ಕದಲ್ಲಿ ಕೊಡಗು ಕರ್ನಾಟಕದ ಅತಿ ಚಿಕ್ಕ ಜಿಲ್ಲೆ. 2011ರ ಜನಗಣತಿಯಂತೆ ಇಲ್ಲಿರುವುದು ಐದೂವರೆ ಲಕ್ಷದಷ್ಟು ಜನ. ಅವರು ಹರಡಿಕೊಂಡಿರುವುದು ನಾಲ್ಕು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕಿದ ಬೆಟ್ಟ, ಕಾಡು, ಗದ್ದೆ, ಕಾಫಿ ತೋಟಗಳ ನಡುವೆ. ಮನೆಗಳು ದೂರದೂರ. ಆದರೂ ಯಾರ ಮಗಳು ಯಾವ ಶಾಲೆಯಲ್ಲಿ ಓದುತ್ತಾಳೆ, ಯಾವ ಮೇಷ್ಟರಿಗೆ ವರ್ಗವಾಯಿತು ಎಂಬುದು ಪೇಟೆಗೆ ಬಂದು ಹೋಗುವವರಿಗೆಲ್ಲ ಗೊತ್ತಿರುತ್ತದೆ. ಶಾಲೆಯ ಸುದ್ದಿ ಇಲ್ಲಿ ಸಲೀಸಾಗಿ ಹರಡುತ್ತದೆ. ಯಾರಿಗೆ ಮುಟ್ಟಬೇಕೋ ಅವರಿಗೇ ಮುಟ್ಟುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಸುದ್ದಿಯ ಹಳೆಯ ದಾರಿ ಪತ್ರಿಕೆ. ಬಿ.ಎಸ್. ಗೋಪಾಲಕೃಷ್ಣ ಅವರು 1957ರಲ್ಲಿ ಮಡಿಕೇರಿಯಲ್ಲಿ ಆರಂಭಿಸಿದ ‘ಶಕ್ತಿ’ ದಿನಪತ್ರಿಕೆ ಜಿಲ್ಲೆಯ ಸುದ್ದಿಯನ್ನೇ ಬಂಡವಾಳ ಮಾಡಿಕೊಂಡು ಬೆಳೆದದ್ದು. ರಾಜ್ಯ ಮಟ್ಟದ ಪತ್ರಿಕೆಗಳಲ್ಲಿ ಎರಡು ಸಾಲೂ ಸಿಗದ ಶಾಲೆಗೆ ಜಿಲ್ಲಾ ಪತ್ರಿಕೆಯಲ್ಲಿ ಚಿತ್ರಸಹಿತ ಜಾಗ ಸಿಗುತ್ತದೆ. ವಾರ್ಷಿಕೋತ್ಸವ, ಪ್ರತಿಭಾ ಕಾರಂಜಿ, ಹೋಬಳಿ ಮಟ್ಟದ ಕ್ರೀಡಾಕೂಟ, ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ಪಡೆದವರ ಭಾವಚಿತ್ರ, ಹಿರಿಯರ ನೆನಪಿಗೆ ಇಟ್ಟ ದತ್ತಿ ಬಹುಮಾನ, ಹಳೆ ವಿದ್ಯಾರ್ಥಿಗಳು ಕೊಟ್ಟ ನೀರಿನ ಫಿಲ್ಟರ್. ಇದನ್ನು ಕ್ಷುಲ್ಲಕವೆಂದು ತಳ್ಳಿಹಾಕುವುದು ತಪ್ಪು. ಅಚ್ಚಾದ ಹೆಸರು ಮಗುವಿಗೂ ಮನೆಗೂ ದೊಡ್ಡ ಸಂಗತಿ. ಆದರೆ ಇಂಥ ವರದಿಯಲ್ಲಿ ವೇದಿಕೆಯ ಮೇಲಿದ್ದವರ ಪಟ್ಟಿಯೇ ಅರ್ಧ ಜಾಗ ನುಂಗಿರುತ್ತದೆ. ಗಣಿತದ ಶಿಕ್ಷಕರ ಹುದ್ದೆ ಖಾಲಿಯಿದೆ, ಐದನೆಯ ತರಗತಿಯ ಮಕ್ಕಳು ಓದುವುದರಲ್ಲಿ ಹಿಂದಿದ್ದಾರೆ, ಶೌಚಾಲಯದ ಬಾಗಿಲು ಮುರಿದಿದೆ ಎಂಬುವು ಸಮಾರಂಭಗಳಲ್ಲ. ಹಾಗಾಗಿ ಸುದ್ದಿಯೂ ಆಗುವುದಿಲ್ಲ. ಮನೆಯವರು ಶಾಲೆಯ ಬಗ್ಗೆ ತಿಳಿದಿರಬೇಕಾದದ್ದು ಹೆಚ್ಚಾಗಿ ಇಂಥವನ್ನೇ.

ಇವನ್ನು ಪೋಷಕರಿಗೆ ತಿಳಿಸಲು, ಅವರಿಂದಲೇ ಕೇಳಿಸಲು ಕಾನೂನು ಒಂದು ವ್ಯವಸ್ಥೆ ಮಾಡಿದೆ. ಡಾ. ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇಲೆ ಕರ್ನಾಟಕ ಸರ್ಕಾರ 2001ರ ಏಪ್ರಿಲ್‌ನಲ್ಲಿ ಆದೇಶ ಹೊರಡಿಸಿ, ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿತು. ಜನರ ಬಾಯಲ್ಲಿ ಅದು ಎಸ್‌ಡಿಎಂಸಿ. ಅದಕ್ಕೂ ಮೊದಲು ಇದ್ದದ್ದು ಗ್ರಾಮ ಶಿಕ್ಷಣ ಸಮಿತಿ. ಅದರಲ್ಲಿ ಊರಿನ ದೊಡ್ಡವರಿಗೆ ಜಾಗವಿತ್ತು, ಅವರ ಮಕ್ಕಳು ಆ ಶಾಲೆಯಲ್ಲೇ ಓದಬೇಕೆಂಬ ಕಟ್ಟಳೆ ಇರಲಿಲ್ಲ. ಹೊಸ ಸಮಿತಿ ಈ ಪದ್ಧತಿಯನ್ನು ತಿರುಗಿಸಿತು. ಶಾಲೆಗೆ ಮಕ್ಕಳನ್ನು ಕಳಿಸುವವರೇ ಸದಸ್ಯರು, ಅವರಲ್ಲೊಬ್ಬರು ಅಧ್ಯಕ್ಷರು, ಮುಖ್ಯ ಶಿಕ್ಷಕರು ಕಾರ್ಯದರ್ಶಿ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಇದಕ್ಕೆ ಶಾಸನದ ಬಲ ಕೊಟ್ಟಿತು. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು, ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ ಸಿಗಬೇಕು.

ಸಮಿತಿಯ ಕೆಲಸವೂ ಸಣ್ಣದಲ್ಲ. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಬಂದ ಅನುದಾನ ಹೇಗೆ ಖರ್ಚಾಯಿತು ಎಂದು ನೋಡುವುದು, 22ನೇ ಸೆಕ್ಷನ್ ಹೇಳುವಂತೆ ಶಾಲಾಭಿವೃದ್ಧಿ ಯೋಜನೆ ತಯಾರಿಸುವುದು. ಸರ್ಕಾರ ಕೊಡುವ ಅನುದಾನಕ್ಕೆ ಈ ಯೋಜನೆಯೇ ಆಧಾರವಾಗಬೇಕೆಂದು ಕಾಯ್ದೆ ಹೇಳುತ್ತದೆ. ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು, ನಡಾವಳಿ ಸಾರ್ವಜನಿಕರಿಗೆ ಸಿಗುವಂತಿರಬೇಕು ಎಂಬುದು ಕೇಂದ್ರದ ಮಾದರಿ ನಿಯಮಗಳ ಮಾತು. ಶಿಕ್ಷಕರಿಗೂ ಹೊಣೆಯಿದೆ: ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿಕೆಯಲ್ಲಿ ಆದ ಪ್ರಗತಿ ಇವನ್ನು ಪೋಷಕರ ಸಭೆ ಕರೆದು ತಿಳಿಸುವುದು 24ನೇ ಸೆಕ್ಷನ್ ಪ್ರಕಾರ ಅವರ ಕರ್ತವ್ಯ. ಇಲ್ಲೊಂದು ಸ್ವಾರಸ್ಯವಿದೆ. ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಸಮಿತಿಯ ಈ ನಿಯಮ ಅನ್ವಯಿಸುವುದಿಲ್ಲ. ಸಾವಿರಾರು ರೂಪಾಯಿ ಫೀಸು ಕಟ್ಟುವ ತಂದೆಗೆ ಶಾಲೆಯ ಲೆಕ್ಕ ಕೇಳುವ ಈ ಅಧಿಕಾರವಿಲ್ಲ. ಸರ್ಕಾರಿ ಶಾಲೆಗೆ ಮಗುವನ್ನು ಕಳಿಸುವ ಕೂಲಿಯ ತಾಯಿಗೆ ಇದೆ.

ಕಾಗದದ ಮೇಲೆ ಇದೆ ಎನ್ನುವುದು ಹೆಚ್ಚು ಸರಿ. ನಡಾವಳಿ ಪುಸ್ತಕ ಮನೆ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುವುದು, ಅಧ್ಯಕ್ಷರ ಕೆಲಸ ಚೆಕ್ಕಿಗೆ ರುಜು ಹಾಕುವುದಕ್ಕೆ ಮುಗಿಯುವುದು, ಮಹಿಳಾ ಸದಸ್ಯರ ಪರವಾಗಿ ಗಂಡ ಬಂದು ಕುಳಿತುಕೊಳ್ಳುವುದು ಇಡೀ ರಾಜ್ಯಕ್ಕೆ ಗೊತ್ತಿರುವ ರೋಗಗಳು. ಅದಕ್ಕೆ ಮುಖ್ಯ ಶಿಕ್ಷಕರೊಬ್ಬರನ್ನೇ ದೂರಿದರೆ ನ್ಯಾಯವಾಗದು. ಬಿಸಿಯೂಟದ ದಾಸ್ತಾನು, ಹಾಲಿನ ಪುಡಿ, ಮೊಟ್ಟೆ, ಬಾಳೆಹಣ್ಣು, ಆನ್‌ಲೈನಿನಲ್ಲಿ ತುಂಬಬೇಕಾದ ಮಾಹಿತಿ ಎಲ್ಲವೂ ಅವರ ತಲೆಯ ಮೇಲೇ. ಎಷ್ಟೋ ಕಡೆ ಪಾಠ ಮಾಡುವವರೂ ಅವರೊಬ್ಬರೇ. ಸಭೆ ಅವರಿಗೆ ಇನ್ನೊಂದು ದಾಖಲೆಯಾಗಿ ಕಂಡರೆ ಆಶ್ಚರ್ಯವಿಲ್ಲ.

ಕೊಡಗಿನಲ್ಲಿ ತೊಡಕು ಇನ್ನೂ ಒಂದು ಸುತ್ತು ಹೆಚ್ಚು. ಕುಟುಂಬ ಎಂಬುದು ಇಲ್ಲಿ ದುರ್ಬಲ ಸಂಸ್ಥೆಯೇನಲ್ಲ. ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ಮೊದಲ ವರ್ಷ ಅರವತ್ತು ಒಕ್ಕಗಳ, ಎಂದರೆ ಮನೆತನಗಳ, ತಂಡಗಳಿದ್ದವು. ಈಗ ಆ ಸಂಖ್ಯೆ ಮುನ್ನೂರು ದಾಟುತ್ತದೆ. ವರ್ಷಕ್ಕೊಂದು ಕುಟುಂಬ ಇಡೀ ಉತ್ಸವದ ಹೊಣೆ ಹೊರುತ್ತದೆ. ಇಷ್ಟು ಜನರನ್ನು ಸೇರಿಸಿ, ಲೆಕ್ಕವಿಟ್ಟು, ವಾರಗಟ್ಟಲೆ ಆಟ ನಡೆಸಬಲ್ಲ ಜಿಲ್ಲೆಗೆ ಒಂದು ಶಾಲಾ ಸಮಿತಿ ನಡೆಸುವುದು ಕಷ್ಟವಾಗಬಾರದು. ಆದರೆ ಹೀಗೆ ಸಂಘಟಿತವಾದ, ಅನುಕೂಲವಿರುವ ಕುಟುಂಬಗಳ ಮಕ್ಕಳು ಬಹುಮಟ್ಟಿಗೆ ಪೇಟೆಯ ಖಾಸಗಿ ಶಾಲೆಗೆ ವ್ಯಾನಿನಲ್ಲಿ ಹೋಗುತ್ತಾರೆ. ಒಳನಾಡಿನ ಸರ್ಕಾರಿ ಶಾಲೆಯ ಬೆಂಚಿನಲ್ಲಿ ಕೂರುವವರು ಹೆಚ್ಚಾಗಿ ತೋಟದ ಕಾರ್ಮಿಕರ ಲೈನ್ ಮನೆಗಳ ಮಕ್ಕಳು, ನಾಗರಹೊಳೆಯ ಅಂಚಿನ ಆದಿವಾಸಿ ಹಾಡಿಗಳ ಜೇನುಕುರುಬ ಮತ್ತು ಯರವ ಮಕ್ಕಳು, ಸಣ್ಣ ಹಿಡುವಳಿದಾರರ ಮಕ್ಕಳು. ಊರಿನಲ್ಲಿ ಮಾತು ನಡೆಯುವವರಿಗೂ ಶಾಲೆಯಲ್ಲಿ ಮಕ್ಕಳಿರುವವರಿಗೂ ನಡುವೆ ಹೀಗೆ ಅಂತರ ಬಿದ್ದಿದೆ. ಊರಿನ ಶಾಲೆಗೆ ಕಟ್ಟಡ, ಕಂಪ್ಯೂಟರ್ ದಾನ ಕೊಡುವವರು ಸಿಗುತ್ತಾರೆ. ಇಂದು ಶಾಲೆಗೆ ಯಾಕೆ ಶಿಕ್ಷಕರು ಬಂದಿಲ್ಲ ಎಂದು ಕೇಳುವವರು ಸಿಗುವುದು ಕಷ್ಟ.

ಭಾಷೆಯೂ ಸುಲಭದ್ದಲ್ಲ. ಜಿಲ್ಲೆಯ ಮನೆಗಳಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ತಮಿಳು, ಯರವ ಮತ್ತು ಕುರುಬರ ನುಡಿಗಳಿವೆ. ಈಚಿನ ವರ್ಷಗಳಲ್ಲಿ ತೋಟದ ಕೆಲಸಕ್ಕೆ ಅಸ್ಸಾಮಿನ ಕಡೆಯಿಂದ ಬಂದವರ ಮನೆಗಳಲ್ಲಿ ಕನ್ನಡ ಓದಬಲ್ಲ ಹಿರಿಯರೇ ಇರುವುದಿಲ್ಲ. ಶಾಲೆಯಿಂದ ಬರುವ ಸೂಚನೆ ಮಾತ್ರ ಕನ್ನಡದಲ್ಲಿ, ಅದೂ ಕಚೇರಿಯ ಕನ್ನಡದಲ್ಲಿ. ಅದನ್ನು ಓದಿ ಹೇಳುವ ಕೆಲಸ ಮಗುವಿನ ಪಾಲಿಗೆ ಬರುತ್ತದೆ. ತನ್ನ ಗೈರುಹಾಜರಿಯ ಚೀಟಿಯನ್ನು ತಾನೇ ಅನುವಾದಿಸಬೇಕಾದ ಮಗು ಅದನ್ನು ಎಷ್ಟು ನಿಷ್ಠೆಯಿಂದ ಅನುವಾದಿಸೀತು?

ಇನ್ನು ಸಮಯ. ತಿಂಗಳ ಸಭೆ ಶಾಲೆ ನಡೆಯುವ ಹೊತ್ತಿನಲ್ಲಿ ಇಟ್ಟರೆ ದಿನಗೂಲಿಯವರು ಅರ್ಧ ದಿನದ ಸಂಬಳ ಬಿಟ್ಟು ಬರಬೇಕು. ದೇಶದ ಕಾಫಿಯಲ್ಲಿ ಮೂರನೇ ಒಂದು ಪಾಲಿನಷ್ಟು ಬೆಳೆಯುವ ಜಿಲ್ಲೆಯಿದು. ವರ್ಷದ ಕೊನೆಗೆ ಅರೇಬಿಕಾ ಕೊಯ್ಲು, ಅದರ ಹಿಂದೆಯೇ ಜನವರಿಯಿಂದ ಮಾರ್ಚ್‌ವರೆಗೆ ರೊಬಸ್ಟಾ. ಕುಯ್ದ ಹಣ್ಣಿನ ತೂಕಕ್ಕೆ ಕೂಲಿ ಸಿಗುವ ಈ ತಿಂಗಳುಗಳಲ್ಲಿ ಸಭೆಗೆ ಬನ್ನಿ ಎಂದು ಕರೆದರೆ ಯಾರೂ ಬರುವುದಿಲ್ಲ. ಬರದಿದ್ದವರನ್ನು ‘ಮಕ್ಕಳ ಬಗ್ಗೆ ಕಾಳಜಿಯಿಲ್ಲದವರು’ ಎಂದು ಕರೆಯುವ ಅಭ್ಯಾಸ ಮಾತ್ರ ಎಲ್ಲೆಡೆ ಇದೆ. ಆ ಮಾತು ತಪ್ಪು. ಸಂಜೆ ಕೆಲಸ ಬಿಟ್ಟ ಮೇಲೆ ಲೈನ್ ಮನೆಗಳ ಮುಂದೆಯೇ ಸಭೆ ಸೇರಿಸಿದರೆ ಅದೇ ಜನ ಕೂತು ಕೇಳುತ್ತಾರೆ. ಶಾಲೆಯೇ ಜನರ ಬಳಿಗೆ ಹೋಗಬೇಕೆಂಬ ಈ ತಿಳಿವಳಿಕೆ ಶಿಕ್ಷಣ ಇಲಾಖೆಯ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದ ಹೆಸರಿನಲ್ಲೇ ಇದೆ. ಮಕ್ಕಳು ಪೋಷಕರೆದುರು ಓದಿ, ಬರೆದು, ಲೆಕ್ಕ ಮಾಡಿ ತೋರಿಸುವುದು ಅದರ ತಿರುಳು. ಓದಲು ಬಾರದ ತಾಯಿಗೂ ಮಗ ತಡವರಿಸುವುದು ಕಿವಿಗೆ ತಿಳಿಯುತ್ತದೆ. ಅಂಕಪಟ್ಟಿಯ ಗ್ರೇಡಿನಿಂದ ಅದು ತಿಳಿಯುವುದಿಲ್ಲ.

ಎಲ್ಲರಿಗೂ ಒಂದೇ ವೇಗದಲ್ಲಿ ಮುಟ್ಟುವ ಶಾಲಾ ಸುದ್ದಿ ಜಿಲ್ಲೆಯಲ್ಲಿ ಒಂದೇ ಒಂದು: ಮಳೆಯ ರಜೆ. ಜುಲೈ, ಆಗಸ್ಟಿನಲ್ಲಿ ಮಳೆ ಜೋರಾದಾಗ ಜಿಲ್ಲಾಧಿಕಾರಿಗಳ ಆದೇಶ ವಾಟ್ಸ್ಯಾಪಿನಲ್ಲಿ ಬೆಟ್ಟ ಹತ್ತಿ ಇಳಿಯುತ್ತದೆ. ಅದರ ಜೊತೆಗೆ ಹಳೆಯ ವರ್ಷದ ಆದೇಶ, ಯಾರೋ ತಿದ್ದಿದ ಸುಳ್ಳು ಆದೇಶಗಳೂ ಹರಿದಾಡುತ್ತವೆ. ಕೊರೊನಾ ಕಾಲದಲ್ಲಿ ಶಾಲೆ ಫೋನಿಗೆ ಬಂದಾಗ ನೆಟ್‌ವರ್ಕ್ ಸಿಗದೆ ಸೋಮವಾರಪೇಟೆ ಕಡೆಯ ಶಿಕ್ಷಕರೊಬ್ಬರು ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ಪಾಠ ಮಾಡಿದ್ದು ರಾಜ್ಯದ ಪತ್ರಿಕೆಗಳಲ್ಲೆಲ್ಲ ಬಂತು. ಶಿಕ್ಷಕರು ಮರ ಹತ್ತಿದ್ದು ಸುದ್ದಿಯಾಯಿತು. ಸ್ಮಾರ್ಟ್ ಫೋನೇ ಇಲ್ಲದ ಮನೆಗಳ ಮಾತು ಅಷ್ಟಾಗಿ ಆಗಲಿಲ್ಲ. ವಾಟ್ಸ್ಯಾಪ್ ಗುಂಪು ಮಾಡಿದ ಮಾತ್ರಕ್ಕೆ ಪೋಷಕರಿಗೆ ತಿಳಿಸಿದಂತಾಯಿತು ಎಂಬ ನೆಮ್ಮದಿ ಅಂದಿನಿಂದ ಶಾಲೆಗಳಲ್ಲಿ ಉಳಿದುಬಿಟ್ಟಿದೆ.

ನಿಜವಾಗಿ ಕೆಲಸ ಮಾಡುವ ದಾರಿಗಳು ಹಳೆಯವೇ. ಬಿಸಿಯೂಟದ ಅಡುಗೆಯವರಲ್ಲಿ ಎಷ್ಟೋ ಮಂದಿ ಅದೇ ಶಾಲೆಯ ಮಕ್ಕಳ ತಾಯಂದಿರು. ಯಾವ ಮಗು ಊಟ ಬಿಟ್ಟಿತು, ಯಾರು ಎರಡು ದಿನದಿಂದ ಬಂದಿಲ್ಲ ಎಂಬುದು ಹಾಜರಿ ಪುಸ್ತಕಕ್ಕಿಂತ ಮೊದಲು ಅಡುಗೆ ಮನೆಗೆ ಗೊತ್ತಾಗುತ್ತದೆ, ಸಂಜೆ ಅವರ ಜೊತೆಗೇ ಲೈನ್ ಮನೆಗೂ ಹೋಗುತ್ತದೆ. ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ತೋಟದ ಲೆಕ್ಕ ಬರೆಯುವ ರೈಟರ್ ಇವರನ್ನು ಬಳಸಿಕೊಳ್ಳುವ ಶಾಲೆಗೆ ಸುದ್ದಿ ಮುಟ್ಟಿಸುವ ಕಷ್ಟವಿಲ್ಲ. ಮಕ್ಕಳ ಮಾತಿಗೂ ಒಂದು ಜಾಗವಿದೆ: ಪಂಚಾಯಿತಿಗಳು ವರ್ಷಕ್ಕೊಮ್ಮೆ ನಡೆಸುವ ಮಕ್ಕಳ ಗ್ರಾಮಸಭೆ. ಅಲ್ಲಿ ಎದ್ದು ನಿಂತು ಶಾಲೆಯ ದಾರಿಗೆ ಕಾಲುಸೇತುವೆ ಬೇಕೆಂದು ಮಗು ಕೇಳಿದರೆ ಅದು ದಾಖಲಾಗುತ್ತದೆ. ಮುಂದಿನ ವರ್ಷ ಅದನ್ನು ನೆನಪಿಸುವ ಕೆಲಸ ದೊಡ್ಡವರದು.

ಮಕ್ಕಳ ಸಂಖ್ಯೆ ಕುಸಿಯುತ್ತಿರುವ ಶಾಲೆಗಳಲ್ಲಿ ಇವೆಲ್ಲವೂ ಇನ್ನಷ್ಟು ಮುಖ್ಯ. ಹತ್ತು ಹನ್ನೆರಡು ಮಕ್ಕಳಿರುವ ಕಡೆ ಸಮಿತಿಯ ಸ್ಥಾನ ತುಂಬಲೂ ಪೋಷಕರು ಸಾಲುವುದಿಲ್ಲ. ಶಾಲೆಯನ್ನು ಬೇರೆ ಶಾಲೆಯ ಜೊತೆ ಸೇರಿಸುವ ಮಾತು ಬಂದಾಗ ಆಕ್ಷೇಪ ಹೇಳಬೇಕಾದವರು ದೂರದ ಲೈನ್ ಮನೆಯವರು. ವಿಷಯ ಅವರಿಗೆ ತಿಳಿಯುವುದು ಬೀಗ ಬಿದ್ದ ಮೇಲೆ.

ಸದ್ಯ ಮಾಡಬಹುದಾದದ್ದು ಒಂದಿದೆ. ಮಾದರಿ ನಿಯಮಗಳ ಪ್ರಕಾರ ಶಾಲಾಭಿವೃದ್ಧಿ ಯೋಜನೆ ಸಿದ್ಧವಾಗಬೇಕಾದದ್ದು ಆರ್ಥಿಕ ವರ್ಷ ಮುಗಿಯುವುದಕ್ಕೆ ಮೂರು ತಿಂಗಳು ಮೊದಲು, ಎಂದರೆ ಡಿಸೆಂಬರಿನೊಳಗೆ. ಕೊಡಗಿನಲ್ಲಿ ಅದು ತೋಟಗಳಲ್ಲಿ ಕೈಗೆ ಬಿಡುವಿಲ್ಲದ ತಿಂಗಳು. ಸಮಿತಿಗಳು ಕೊಯ್ಲಿಗೆ ಮುಂಚೆಯೇ, ದಸರಾ ರಜೆ ಮುಗಿದೊಡನೆ, ಸಂಜೆಯ ಹೊತ್ತು ಲೈನ್ ಮನೆಗಳಲ್ಲೂ ಹಾಡಿಗಳಲ್ಲೂ ಸಭೆ ಸೇರಿಸಿ ಕಳೆದ ವರ್ಷದ ಖರ್ಚನ್ನೂ ಮುಂದಿನ ವರ್ಷದ ಬೇಡಿಕೆಯನ್ನೂ ಗಟ್ಟಿಯಾಗಿ ಓದಿ ಹೇಳಲಿ. ಪೋಷಕರು ನಡಾವಳಿ ಪುಸ್ತಕ ತೋರಿಸಿ ಎಂದು ಕೇಳಲಿ.